ಮೊದಲು ಗಿಡ, ಆಮೇಲೆ ಮೀನು: ಒಂದೂವರೆ ಅಡಿಯ ಟ್ಯಾಂಕ್ ಕಟ್ಟಿದ ಕ್ರಮ

ಹೊಸ ಅಕ್ವೇರಿಯಂಗೆ ತಂದ ಮೀನು ಮೊದಲ ತಿಂಗಳಲ್ಲೇ ಸತ್ತರೆ ಬಹುತೇಕ ಸಲ ಕಾರಣ ಅಮೋನಿಯಾ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ತಿನ್ನದೆ ಉಳಿದು ಕೊಳೆತ ಆಹಾರದಿಂದ ಅದು ದಿನವೂ ನೀರಿಗೆ ಸೇರುತ್ತಲೇ ಇರುತ್ತದೆ. ಹಳೆಯ ಟ್ಯಾಂಕಿನಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಹೊಸ ಟ್ಯಾಂಕಿನಲ್ಲಿ ಇವೆರಡೂ ಇರುವುದಿಲ್ಲ, ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆ ವಾರಗಳ ಭಾರವನ್ನು ಗಿಡಗಳ ಮೇಲೆ ಹೊರಿಸುವುದೇ ಇಲ್ಲಿ ಹೇಳಹೊರಟಿರುವ ವಿಧಾನ. ನೀರೊಳಗಿನ ಬಹುಪಾಲು ಗಿಡಗಳು ಅಮೋನಿಯಂ (ಅಮೋನಿಯಾ ನೀರಿನಲ್ಲಿ ತಾಳುವ, ಅಷ್ಟು ವಿಷವಲ್ಲದ ರೂಪ) ಮತ್ತು ನೈಟ್ರೇಟ್ ಎರಡೂ ಇದ್ದಾಗ ಅಮೋನಿಯಂಗೇ ಮೊದಲು ಬಾಯಿ ಹಾಕುತ್ತವೆ. ನೈಟ್ರೇಟ್ ಹೀರಿದರೆ ಅದನ್ನು ಮತ್ತೆ ಅಮೋನಿಯಂ ಆಗಿ ಪರಿವರ್ತಿಸಲು ಶಕ್ತಿ ವ್ಯಯಿಸಬೇಕು, ಅಮೋನಿಯಂ ಸಿಕ್ಕರೆ ಆ ಖರ್ಚು ಉಳಿಯುತ್ತದೆ.

ಆದರೆ ಈ ಕೆಲಸ ಮಾಡುವುದು ಬೆಳೆಯುತ್ತಿರುವ ಗಿಡ ಮಾತ್ರ. ಸುಮ್ಮನೆ ಬದುಕಿಕೊಂಡಿರುವ ಗಿಡ ಹೀರುವುದು ತೀರಾ ಕಡಿಮೆ, ಕೊಳೆಯುತ್ತಿರುವ ಗಿಡವಂತೂ ತಾನೇ ಅಮೋನಿಯಾ ಬಿಡುತ್ತದೆ. ಹಾಗಾಗಿ ಮಣ್ಣು, ಬೆಳಕು, ಗಿಡದ ಆಯ್ಕೆ ಎಲ್ಲವೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ಗಿಡ ಮೊದಲ ವಾರದಿಂದಲೇ ಹೊಸ ಕುಡಿ ಬಿಡುತ್ತದೆಯೇ?

ಟ್ಯಾಂಕ್ 18×12×12 ಅಂಗುಲದ್ದು, 5 ಮಿ.ಮೀ. ಗಾಜು. ಅಂಚಿನವರೆಗೆ ತುಂಬಿದರೆ ಸುಮಾರು 42 ಲೀಟರ್. ಮಣ್ಣು, ಮರಳು ಹಾಕಿ ಮೇಲೆ ಒಂದು ಅಂಗುಲ ಖಾಲಿ ಬಿಟ್ಟ ಮೇಲೆ ನಿಜವಾಗಿ ಉಳಿಯುವ ನೀರು 30 ಲೀಟರ್. ಗೊಬ್ಬರ, ಔಷಧ ಏನೇ ಹಾಕುವಾಗಲೂ ಈ 30ನ್ನೇ ಲೆಕ್ಕಕ್ಕೆ ಹಿಡಿಯಬೇಕು. ಎಲ್ಲ ಸೇರಿ ತೂಕ 55 ಕಿಲೋ ಆಸುಪಾಸು ಬರುವುದರಿಂದ ಅಲುಗಾಡದ ಮೇಜು ಬೇಕು, ತಳಕ್ಕೆ ಒಂದು ಥರ್ಮೋಕೋಲ್ ಹಾಳೆ ಹಾಸಬೇಕು. ನೇರ ಬಿಸಿಲು ಬೀಳುವ ಕಿಟಕಿಯ ಪಕ್ಕ ಬೇಡ. ಬಿಸಿಲಿನ ಹೊತ್ತನ್ನು ನಮ್ಮ ಕೈಯಲ್ಲಿ ಹಿಡಿದಿಡಲು ಆಗುವುದಿಲ್ಲ, ಮಾರ್ಚ್–ಏಪ್ರಿಲ್‌ನಲ್ಲಿ ನೀರೂ ಕಾಯುತ್ತದೆ.

ತಳಕ್ಕೆ ಹಾಕಿದ್ದು ಕೆಂಪು ಮಣ್ಣು. ಬೆಂಗಳೂರು, ಕೋಲಾರ, ತುಮಕೂರು ಕಡೆಯ ಕೆಂಪು ಮಣ್ಣಿನಲ್ಲಿ ಕಬ್ಬಿಣ ಚೆನ್ನಾಗಿದೆ, ಕೊಳೆಯುವ ವಸ್ತು ಕಡಿಮೆ. ಎರಡೂ ನಮಗೆ ಅನುಕೂಲವೇ. ಉತ್ತರ ಕರ್ನಾಟಕದ ಎರೆಮಣ್ಣು ಈ ಕೆಲಸಕ್ಕೆ ಆಗಿಬರುವುದಿಲ್ಲ. ನೀರು ಕುಡಿದು ಉಬ್ಬುತ್ತದೆ, ಕೈ ಹಾಕಿದರೆ ಕದಡುತ್ತದೆ, ಸುಣ್ಣದ ಅಂಶದಿಂದ ನೀರಿನ ಗಡಸುತನವನ್ನೂ ಏರಿಸುತ್ತದೆ. ಯೂರಿಯಾ, ಡಿಎಪಿ, ಕೀಟನಾಶಕ ಬೀಳದ ಜಾಗದ ಮಣ್ಣು ಸಿಗದಿದ್ದರೆ ಮಣ್ಣೇ ಹಾಕದೆ ಬರೀ ಮರಳಿನಲ್ಲಿ ಕಟ್ಟಿ, ಬೇರಿನ ಹತ್ತಿರ ಗೊಬ್ಬರದ ಮಾತ್ರೆ ಹುಗಿಯುವುದು ವಾಸಿ.

ಮಣ್ಣನ್ನು ಜರಡಿ ಹಿಡಿದು ಕಡ್ಡಿ, ಬೇರು ತೆಗೆದು, ಹತ್ತು ಪಾಲಿಗೆ ಒಂದು ಪಾಲು ಹಳೆಯ ಎರೆಗೊಬ್ಬರ ಬೆರೆಸಬೇಕು. ಅದಕ್ಕಿಂತ ಹೆಚ್ಚು ಗೊಬ್ಬರ ಹಾಕುವ ಆಸೆ ಎಲ್ಲರಿಗೂ ಬರುತ್ತದೆ, ಹಾಕಬೇಡಿ. ತಾಜಾ ಗೊಬ್ಬರ ನೀರಡಿಯಲ್ಲಿ ವಾರಗಟ್ಟಲೆ ಅಮೋನಿಯಾ ಕಕ್ಕುತ್ತದೆ. ಬೆರೆಸಿದ್ದನ್ನು ಬಕೆಟ್ಟಿನಲ್ಲಿ ನೆನೆಸಿ, ತೇಲಿದ ಕಸ ಚೆಲ್ಲಿ, ಮೇಲಿನ ನೀರು ಬಸಿದು, ತಾರಸಿಯ ಮೇಲೆ ಹಾಳೆ ಹಾಸಿ ಗರಿಗರಿ ಒಣಗಿಸಿ, ಮತ್ತೆ ನೆನೆಸಿ ಒಣಗಿಸಬೇಕು. ಹೀಗೆ ಮೂರು ಸಲವಾದರೆ ಕರಗುವ ಉಪ್ಪುಗಳು ಹೊರಟುಹೋಗಿ, ಸುಲಭವಾಗಿ ಕೊಳೆಯುವ ಪದಾರ್ಥದ ಒಂದು ದೊಡ್ಡ ಪಾಲು ಟ್ಯಾಂಕಿನ ಹೊರಗೇ ಕೊಳೆತು ಮುಗಿದಿರುತ್ತದೆ. ಬೇಸಿಗೆಯಾದರೆ ಒಂದು ವಾರದ ಕೆಲಸ.

ಈ ಮಣ್ಣು 2.5 ಸೆಂ.ಮೀ. ದಪ್ಪಕ್ಕೆ ಮೂರು ಲೀಟರ್‌ಗಿಂತ ಸ್ವಲ್ಪ ಹೆಚ್ಚು ಹಿಡಿಯಿತು. ಮುಂದಿನ ಗಾಜಿನಿಂದ ಎರಡು ಬೆರಳು ಜಾಗ ಬಿಟ್ಟು ಹರಡಿ, ಆ ಸಂದಿಗೆ ಮರಳು ತುಂಬಿದರೆ ಎದುರಿನಿಂದ ಮಣ್ಣು ಕಾಣುವುದಿಲ್ಲ, ಗಾಜಿನ ಒಳಗೆ ಬೆಳಕು ಬಿದ್ದು ಮಣ್ಣಿಗೆ ಪಾಚಿ ಹಿಡಿಯುವುದೂ ಇಲ್ಲ. ಮೇಲೆ 3 ಸೆಂ.ಮೀ. ತೊಳೆದ ಮರಳು, ಸುಮಾರು ಆರೂವರೆ ಕಿಲೋ. ಕಾಳು 1ರಿಂದ 2 ಮಿ.ಮೀ. ಇರಲಿ. ಹಿಟ್ಟಿನಂತಹ ಮರಳು ಹಾಕಿದರೆ ಆಮ್ಲಜನಕ ಕೆಳಗಿಳಿಯದೆ ಮಣ್ಣು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಕಟ್ಟುತ್ತದೆ. ದಪ್ಪ ಜಲ್ಲಿ ಹಾಕಿದರೆ ಸಂದಿಯಿಂದ ಮಣ್ಣು ಮೇಲೇಳುತ್ತದೆ. ಮರಳಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು ನೋಡಿ. ನೊರೆ ಬಂದರೆ ಚಿಪ್ಪಿನ ಪುಡಿ ಇದೆ ಎಂದರ್ಥ, ಆ ಮರಳು ಬೇಡ.

ಇನ್ನು ನೀರು. ಕಾವೇರಿ ನೀರು ಗಿಡಕ್ಕೂ ಮೀನಿಗೂ ಒಗ್ಗುವಂಥದ್ದು, ಕ್ಲೋರಿನ್ ಒಂದನ್ನು ತೆಗೆದರೆ ಸಾಕು. ಅಂಗಡಿಯ ಆ್ಯಂಟಿ-ಕ್ಲೋರಿನ್ ಬಾಟಲಿ ಬದಲು ಸೋಡಿಯಂ ಥಯೋಸಲ್ಫೇಟ್, ಅಂದರೆ ಹೈಪೋ ಹರಳು, ಕೊಂಡರೆ ಅಗ್ಗ. 15 ಗ್ರಾಂ ಹರಳನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿಟ್ಟು, ಹತ್ತು ಲೀಟರಿನ ಬಕೆಟ್ಟಿಗೆ 10 ಮಿ.ಲೀ. ಹಾಕಿದರೆ 2 ಪಿಪಿಎಂವರೆಗಿನ (ಅಂದರೆ ಲೀಟರಿಗೆ 2 ಮಿ.ಗ್ರಾಂವರೆಗಿನ) ಕ್ಲೋರಿನ್ ಹೋಗುತ್ತದೆ. ಅಪಾರ್ಟ್‌ಮೆಂಟ್ ಸಂಪಿಗೆ ಬ್ಲೀಚಿಂಗ್ ಪೌಡರ್ ಸುರಿದ ದಿನ ಟ್ಯಾಂಕಿಗೆ ನೀರು ಹಿಡಿಯಬೇಡಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಆರ್‌ಒ ನೀರನ್ನು ಅರ್ಧಕ್ಕರ್ಧ ಬೆರೆಸಿ. ಬರೀ ಆರ್‌ಒ ನೀರು ಮಾತ್ರ ಬೇಡವೇ ಬೇಡ: ಗಿಡಕ್ಕೆ ಕ್ಯಾಲ್ಸಿಯಂ ಸಿಗುವುದಿಲ್ಲ, ಬ್ಯಾಕ್ಟೀರಿಯಾ ಕೆಲಸ ಮಾಡುತ್ತಾ ಹುಟ್ಟಿಸುವ ಆಮ್ಲವನ್ನು ತಡೆಯಲು ನೀರಿನಲ್ಲಿ ಕ್ಷಾರವೂ ಉಳಿಯುವುದಿಲ್ಲ, ಪಿಎಚ್ ಕುಸಿಯುತ್ತದೆ. ಮಲೆನಾಡಿನ ತೀರಾ ಮೃದುವಾದ ಬಾವಿ ನೀರಿಗೂ ಇದೇ ತೊಂದರೆ. ಅಲ್ಲಿ ಫಿಲ್ಟರ್ ಬಳಿ ಒಂದು ಚಿಕ್ಕ ಬಟ್ಟೆಯಲ್ಲಿ ಚಿಪ್ಪಿನ ಚೂರು ಕಟ್ಟಿಟ್ಟರೆ ಸರಿಹೋಗುತ್ತದೆ. ಸಾಫ್ಟ್‌ನರ್‌ನಿಂದ ಬರುವ ನೀರಿನಲ್ಲಿ ಕ್ಯಾಲ್ಸಿಯಂ ಜಾಗದಲ್ಲಿ ಸೋಡಿಯಂ ಕೂತಿರುತ್ತದೆ, ಅದು ಗಿಡಕ್ಕೆ ಹಿಡಿಸುವುದಿಲ್ಲ.

ಗಿಡದ ವಿಷಯದಲ್ಲಿ ಕೈ ಬಿಗಿ ಹಿಡಿಯಬಾರದು. ನಾಲ್ಕು ಗಿಡ ನೆಟ್ಟು ತುಂಬಿಕೊಳ್ಳಲಿ ಎಂದು ಕಾಯುವ ಟ್ಯಾಂಕಿನಲ್ಲಿ ಮೊದಲು ತುಂಬಿಕೊಳ್ಳುವುದು ಪಾಚಿ. ಮೊದಲ ದಿನವೇ ತಳದ ಮುಕ್ಕಾಲು ಪಾಲು ಹಸಿರಾಗಬೇಕು. ಇಲ್ಲಿ ನೆಟ್ಟದ್ದು ಹಿಂದಿನ ಸಾಲಿಗೆ ಹೈಗ್ರೋಫಿಲಾ ಪಾಲಿಸ್ಪರ್ಮಾ ಎರಡು ಕಟ್ಟು, ಅಂಬುಲಿಯಾ ಎರಡು ಕಟ್ಟು, ಒಂದು ಮೂಲೆಯಲ್ಲಿ ಹನ್ನೆರಡು ವ್ಯಾಲಿಸ್‌ನೇರಿಯಾ. ನಡುವೆ ಬಕೋಪಾ ಮೊನಿಯೇರಿ ಒಂದು ಕಟ್ಟು ಮತ್ತು ವಾಟರ್ ಸ್ಪ್ರೈಟ್ ಎರಡು ಗಿಡ. ಮುಂದೆ ಮೂರು ಕ್ರಿಪ್ಟೊಕೊರಿನ್ ವೆಂಡ್ಟಿ. ಬೇರಿಲ್ಲದ ಹಾರ್ನ್‌ವರ್ಟ್ ಒಂದು ಹಿಡಿ ಹಾಗೇ ತೇಲಬಿಟ್ಟದ್ದು, ಮೇಲೆ ಚಿಕ್ಕ ಎಲೆಯ ಸಾಲ್ವೀನಿಯಾ. ಕ್ರಿಪ್ಟ್ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಬೇಗ ಬೆಳೆಯುವ ಜಾತಿ, ಬಕೋಪಾ, ಹೈಗ್ರೋಫಿಲಾ, ಹಾರ್ನ್‌ವರ್ಟ್‌ಗಳಂತೂ ನಮ್ಮ ಕೆರೆ–ಗದ್ದೆಗಳವೇ. ಅನೂಬಿಯಾಸ್, ಜಾವಾ ಫರ್ನ್ ಸುಂದರವಾದ ಗಿಡಗಳು, ಗಟ್ಟಿ ಗಿಡಗಳು. ಆದರೆ ಅವು ತಿಂಗಳಿಗೆ ಒಂದೆರಡು ಎಲೆ ಬಿಡುವಂಥವು, ಹೊಸ ಟ್ಯಾಂಕಿನ ಅಮೋನಿಯಾ ಹೀರುವ ಕೆಲಸಕ್ಕೆ ಅವನ್ನು ನಂಬಿ ಕೂರುವಂತಿಲ್ಲ. ಅವನ್ನು ಆಮೇಲೆ ಸೇರಿಸಬಹುದು.

ತೇಲುವ ಗಿಡಕ್ಕೆ ವಿಶೇಷ ಬೆಲೆ ಇದೆ. ನೀರೊಳಗಿನ ಗಿಡ ಕರಗಿದ ಇಂಗಾಲದ ಡೈಆಕ್ಸೈಡಿಗಾಗಿ ಪರದಾಡುವಾಗ ತೇಲುವ ಗಿಡ ಅದನ್ನು ಗಾಳಿಯಿಂದಲೇ ಪಡೆದು ಬೆಳೆಯುತ್ತದೆ, ಬೇಕಾದ ಸಾರಜನಕವನ್ನೆಲ್ಲ ನೀರಿನಿಂದ ಎಳೆದುಕೊಳ್ಳುತ್ತದೆ. ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಮುಚ್ಚದಂತೆ ಏರ್‌ಲೈನ್ ಟ್ಯೂಬನ್ನು ಬಳೆಯಂತೆ ಸೇರಿಸಿ ತೇಲಬಿಟ್ಟರೆ, ಅದರೊಳಗಿನ ಜಾಗ ತೆರವಾಗಿ ಉಳಿದು ಕೆಳಗಿನ ಗಿಡಕ್ಕೆ ಬೆಳಕು ಇಳಿಯುತ್ತದೆ.

ಅಂಗಡಿಯಲ್ಲಿ ನೀರಿನಲ್ಲಿಟ್ಟ ಮಾತ್ರಕ್ಕೆ ಎಲ್ಲವೂ ನೀರಿನ ಗಿಡವಲ್ಲ. ಲಕ್ಕಿ ಬ್ಯಾಂಬೂ, ಡ್ರಸೀನಾ, ಮಾಂಡೋ ಹುಲ್ಲು ಮುಳುಗಿಸಿಟ್ಟರೂ ಕೆಲವು ತಿಂಗಳು ಹಸಿರಾಗಿ ಕಾಣುತ್ತವೆ, ಒಳಗೊಳಗೇ ಕೊಳೆಯುತ್ತವೆ. ಕಾಂಡ ಗಟ್ಟಿಯಾಗಿ, ನೀರಿನಿಂದ ಎತ್ತಿದರೂ ಎಲೆ ಸೆಟೆದು ನಿಂತರೆ ಅನುಮಾನಿಸಿ.

ತಂದ ಗಿಡವನ್ನು ಪೊಟ್ಯಾಸಿಯಂ ಪರ್ಮಾಂಗನೇಟಿನ ತಿಳಿ ಗುಲಾಬಿ ನೀರಿನಲ್ಲಿ ಹತ್ತು ನಿಮಿಷ ಅದ್ದಿ ತೊಳೆಯಬೇಕು. ಹಾರ್ನ್‌ವರ್ಟ್‌ನಂತಹ ನವಿರಾದವಕ್ಕೆ ಐದು ನಿಮಿಷ ಸಾಕು. ಕಟ್ಟಿಗೆ ಸುತ್ತಿದ ಲೋಹದ ಪಟ್ಟಿ, ಬೇರಿನ ಸುತ್ತಲಿನ ಸ್ಪಂಜು ಪೂರ್ತಿ ತೆಗೆಯಿರಿ. ಕಟ್ಟನ್ನು ಹಾಗೇ ನೆಟ್ಟರೆ ನಡುವಿನ ಕಾಂಡಗಳಿಗೆ ಬೆಳಕು ಸಿಗದೆ ಬುಡ ಕೊಳೆಯುತ್ತದೆ. ಒಂದೊಂದೇ ಕಾಂಡ ಬಿಡಿಸಿ, ಕೆಳಗಿನ ಕಪ್ಪಾದ ತುದಿಯನ್ನು ಗಿಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎರಡು ಗಿಣ್ಣುಗಳ ಎಲೆ ಕಿತ್ತು, ಉದ್ದ ಚಿಮ್ಮಟದಿಂದ ಕಾಂಡದ ತುದಿಯನ್ನೇ ಹಿಡಿದು ಓರೆಯಾಗಿ ಮರಳಿಗೆ ಚುಚ್ಚಿ, ಚಿಮ್ಮಟವನ್ನು ಸ್ವಲ್ಪ ಅಲುಗಿಸಿ ಬಾಯಿ ಸಡಿಲಿಸಿ ನೇರ ಮೇಲಕ್ಕೆ ಎಳೆಯಬೇಕು. ಆ ಎಲೆ ಕಿತ್ತ ಗಿಣ್ಣುಗಳಿಂದಲೇ ಬೇರು ಬರುವುದು. ಕಾಂಡದಿಂದ ಕಾಂಡಕ್ಕೆ ಎರಡು ಸೆಂ.ಮೀ. ಅಂತರ. ಕ್ರಿಪ್ಟ್ ಮತ್ತು ವ್ಯಾಲಿಸ್‌ನೇರಿಯಾದ ಬೇರನ್ನು ಮೂರು ಸೆಂ.ಮೀ.ಗೆ ಕತ್ತರಿಸಿ ನೆಡಬೇಕು, ಬೇರೂ ಎಲೆಯೂ ಸೇರುವ ಬಿಳಿ ಜಾಗ ಮಾತ್ರ ಮರಳಿನ ಮೇಲೆ ಕಾಣಬೇಕು. ಅದು ಹೂತರೆ ಗಿಡ ಕೊಳೆಯುತ್ತದೆ.

ನೆಡುವಾಗ ಟ್ಯಾಂಕಿನಲ್ಲಿ ಐದು ಸೆಂ.ಮೀ. ನೀರು ಸಾಕು, ಎಲೆಗಳಿಗೆ ಆಗಾಗ ನೀರು ಸಿಂಪಡಿಸುತ್ತಿರಿ. ಮುಗಿದ ಮೇಲೆ ಮರಳಿನ ಮೇಲೆ ತಟ್ಟೆ ಇಟ್ಟು, ತಟ್ಟೆಯ ಮೇಲೆ ಸಣ್ಣ ಧಾರೆಯಲ್ಲಿ ತುಂಬಿಸಬೇಕು. ಅವಸರಪಟ್ಟರೆ ಮಣ್ಣು ಎದ್ದು ಇಡೀ ಟ್ಯಾಂಕ್ ರಾಡಿಯಾಗುತ್ತದೆ.

ಫಿಲ್ಟರ್ ಒಂದು ಚಿಕ್ಕ ಸ್ಪಂಜ್ ಫಿಲ್ಟರ್, ಏರ್ ಪಂಪಿಗೆ ಸೇರಿಸಿದ್ದು. ಗಿಡವಿದ್ದ ಮೇಲೆ ಅದೇಕೆ ಎಂದು ಕೇಳುವವರಿದ್ದಾರೆ. ಗಿಡ ಹೀರಿ ಉಳಿದದ್ದನ್ನು ನೋಡಿಕೊಳ್ಳುವ ಬ್ಯಾಕ್ಟೀರಿಯಾಗೆ ಅದು ಮನೆ. ರಾತ್ರಿ ಗಿಡಗಳೂ ಆಮ್ಲಜನಕ ಬಳಸುವ ಹೊತ್ತಿನಲ್ಲಿ ನೀರಿನ ಮೇಲ್ಮೈ ಅಲುಗುತ್ತಿರುವುದೂ ಮುಖ್ಯ. ಪರಿಚಯದವರ ಹಳೆಯ, ರೋಗವಿಲ್ಲದ ಟ್ಯಾಂಕಿನ ಸ್ಪಂಜನ್ನು ಹೊಸ ಟ್ಯಾಂಕಿನಲ್ಲಿ ಹಿಂಡಿದರೆ ಬ್ಯಾಕ್ಟೀರಿಯಾ ಬೇಗ ನೆಲೆಯೂರುತ್ತವೆ. ನೀರು ಕಂದು ಬಣ್ಣಕ್ಕೆ ತಿರುಗಿದ್ದು ಕಂಡು ಗಾಬರಿ ಬೇಡ.

ಬೆಳಕಿಗೆ ದುಬಾರಿ ದೀಪ ಬೇಕಿಲ್ಲ. ಮನೆಗೆ ಹಾಕುವ 9 ವ್ಯಾಟಿನ ಬಿಳಿ ಎಲ್‌ಇಡಿ ಬಲ್ಬ್, 6500 ಕೆಲ್ವಿನ್, ಮೇಲೆ ಒಂದು ಪ್ರತಿಫಲಕ ಬುಟ್ಟಿ ಇದ್ದರೆ ಮೇಲೆ ಹೇಳಿದ ಗಿಡಗಳಿಗೆಲ್ಲ ಸಾಕು. ಮುಖ್ಯವಾದದ್ದು ಟೈಮರ್. ಮೊದಲ ಎರಡು ವಾರ ದಿನಕ್ಕೆ ಆರು ಗಂಟೆ, ಹೊಸ ಎಲೆ ಕಂಡ ಮೇಲೆ ಏಳು, ಮುಂದೆ ಎಂಟು. ಬೇರೂರದ ಗಿಡಕ್ಕೆ ಹತ್ತು ಗಂಟೆ ಬೆಳಕು ಕೊಟ್ಟರೆ ಅದರ ಲಾಭ ಪಾಚಿಗೇ. ವೈರ್ ಪ್ಲಗ್ಗಿಗೆ ಸೇರುವ ಮೊದಲು ಪ್ಲಗ್ಗಿಗಿಂತ ಕೆಳಗೆ ಇಳಿದು ಮೇಲೇರುವಂತಿರಲಿ. ವೈರಿನ ಗುಂಟ ಇಳಿದ ಹನಿ ಆ ತಗ್ಗಿನಲ್ಲೇ ಉದುರುತ್ತದೆ, ಪ್ಲಗ್ಗಿಗೆ ಮುಟ್ಟುವುದಿಲ್ಲ.

ನಮ್ಮ ಊರುಗಳಲ್ಲಿ ಮರೆಯಬಾರದ ಇನ್ನೊಂದು ಮಾತು: ಮೀನಿಲ್ಲದ ಟ್ಯಾಂಕೆಂದರೆ ಸೊಳ್ಳೆಗೆ ಹೇಳಿ ಮಾಡಿಸಿದ ಜಾಗ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ನಿಂತ ತಿಳಿನೀರೇ ಇಷ್ಟ, ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ–ಹತ್ತು ದಿನ ಸಾಕು. ಮೀನು ಬಿಡುವ ತನಕ ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯನ್ನು ಬಾಯಿಗೆ ಬಿಗಿದು ಕಟ್ಟಿ, ಏರ್ ಪಂಪ್ ನಿಲ್ಲಿಸಬೇಡಿ. ಮರಿ ಕಂಡರೆ ಚಹಾ ಸೋಸುವ ಜಾಲರಿಯಲ್ಲಿ ತೆಗೆದುಬಿಡಿ. ಯಾವ ಔಷಧವನ್ನೂ ಹಾಕುವಂತಿಲ್ಲ.

ಮೊದಲ ವಾರ ನೀರು ಹಾಲಿನ ಮಬ್ಬಿಗೆ ತಿರುಗಬಹುದು. ಅದು ಮಣ್ಣಿನ ಸಾವಯವ ಅಂಶ ತಿಂದು ಹೆಚ್ಚುವ ಬೇರೆ ಬ್ಯಾಕ್ಟೀರಿಯಾ, ತಾನಾಗಿ ತಿಳಿಯಾಗುತ್ತದೆ. ದ್ರವದ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ 0.5 ಪಿಪಿಎಂ ಆಚೀಚೆ ತೋರಿಸುತ್ತದೆ, ಎಲ್ಲವೂ ಮಣ್ಣಿನಿಂದ ಬಂದದ್ದು. 1 ದಾಟಿದರೆ ಅರ್ಧ ನೀರು ಬದಲಿಸಿ. ಇದೇ ಹೊತ್ತಿಗೆ ಕ್ರಿಪ್ಟ್‌ನ ಎಲೆಗಳು ಗಾಜಿನಂತೆ ಪಾರದರ್ಶಕವಾಗಿ, ಮುಟ್ಟಿದರೆ ಲೋಳೆಯಾಗಿ ಕರಗತೊಡಗುತ್ತವೆ. ನರ್ಸರಿಯಲ್ಲಿ ನೀರಿನ ಮೇಲೆ ಬೆಳೆಸಿದ ಎಲೆಗಳು ನೀರೊಳಗೆ ಬಾಳುವುದಿಲ್ಲ, ಗಿಡ ಅವನ್ನು ಬಿಟ್ಟು ಹೊಸ ಬಗೆಯ ಎಲೆ ಹುಟ್ಟಿಸಿಕೊಳ್ಳುತ್ತದೆ. ಬೇರು ಗಟ್ಟಿಯಿದ್ದರೆ ಗಿಡ ಕೀಳಬೇಡಿ. ಕರಗಿದ ಎಲೆಯನ್ನು ಮಾತ್ರ ದಿನವೂ ಚಿಮ್ಮಟದಿಂದ ಎತ್ತಿ ಹಾಕಿ. ಬಿಟ್ಟರೆ ಅದೇ ಅಮೋನಿಯಾ ಆಗುತ್ತದೆ.

ಎರಡನೇ ವಾರ ಗಾಜಿನ ಮೇಲೆ, ಎಲೆಗಳ ಮೇಲೆ ಕಂದು ಪುಡಿ ಕೂರುತ್ತದೆ. ಡಯಾಟಮ್ ಎನ್ನುವ ಈ ಪಾಚಿ ಬಂದಷ್ಟೇ ಬೇಗ ಹೋಗುತ್ತದೆ, ಬೆರಳಲ್ಲಿ ಒರೆಸಿದರೂ ಸಾಕು. ಮೂರನೇ ವಾರ ಹಸಿರು ನೂಲಿನ ಪಾಚಿ ಬಂದರೆ ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸುತ್ತಿ ಎಳೆದು, ಬೆಳಕನ್ನು ಒಂದು ಗಂಟೆ ಇಳಿಸಿ. ಪಾಚಿನಾಶಕ ಸುರಿದರೆ ಸತ್ತ ಪಾಚಿಯೆಲ್ಲ ಕೊಳೆತು ಅಮೋನಿಯಾ ಏರುತ್ತದೆ, ಮಾಡಿದ ಕೆಲಸವೆಲ್ಲ ನೀರುಪಾಲು. ಗಿಡದ ಜೊತೆ ಬಂದ ಸಣ್ಣ ಬಸವನ ಹುಳುಗಳನ್ನು ನಾನು ತೆಗೆಯುವುದಿಲ್ಲ. ಕೊಳೆತ ಎಲೆಯನ್ನೂ ಪಾಚಿಯನ್ನೂ ಅವೇ ತಿನ್ನುತ್ತವೆ. ವಿಪರೀತ ಹೆಚ್ಚಿದರೆ ಆಹಾರ ಹೆಚ್ಚಾಗಿದೆ ಎಂದೇ ತಿಳಿಯಬೇಕು.

ಮರಳಿನಿಂದ ಆಗಾಗ ಗುಳ್ಳೆ ಏಳುವುದು ಸಹಜ. ವಾಸನೆ ಬಂದರೆ ಮಾತ್ರ ತೆಳ್ಳನೆಯ ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ ಗಾಳಿ ಬಿಡಿಸಿ. ಗಿಡದ ಬೇರು ಹಬ್ಬಿದಂತೆ ಈ ಸಮಸ್ಯೆ ತಾನೇ ತಗ್ಗುತ್ತದೆ, ಏಕೆಂದರೆ ಬೇರುಗಳು ಮಣ್ಣಿಗೆ ಆಮ್ಲಜನಕ ಬಿಡುತ್ತವೆ.

ಮೂರು ವಾರ ಕಳೆಯುವಾಗ ಎಲೆ ಓದುವುದನ್ನು ಕಲಿಯಬೇಕು. ಹಳೆಯ ಎಲೆಯಲ್ಲಿ ಸೂಜಿಯಿಂದ ಚುಚ್ಚಿದಂತೆ ತೂತು ಬಿದ್ದು ಅಂಚು ಹಳದಿಯಾದರೆ ಪೊಟ್ಯಾಸಿಯಂ ಕೊರತೆ. ಗೊಬ್ಬರದ ಅಂಗಡಿಯ 0-0-50 ಪೊಟ್ಯಾಸಿಯಂ ಸಲ್ಫೇಟ್ 35 ಗ್ರಾಂ ಅನ್ನು ಒಂದು ಲೀಟರ್ ನೀರಿಗೆ ಕರಗಿಸಿ, ವಾರಕ್ಕೆ 10 ಮಿ.ಲೀ. ಹಾಕಿದರೆ ಈ ಟ್ಯಾಂಕಿಗೆ 5 ಪಿಪಿಎಂ ಪೊಟ್ಯಾಸಿಯಂ ಸಿಗುತ್ತದೆ. ಹೊಸ ಕುಡಿಯೇ ಬೆಳ್ಳಗೆ ಬಂದರೆ ಕಬ್ಬಿಣದ ಕೊರತೆ, ಕೆಂಪು ಮಣ್ಣಿನಲ್ಲಿ ಅದು ಅಪರೂಪ. ತೋಟಕ್ಕೆ ಹಾಕುವ 19-19-19ರಲ್ಲಿ ಯೂರಿಯಾ, ಅಮೋನಿಯಂ ಎರಡೂ ಇರುವುದರಿಂದ ಅದನ್ನು ಹತ್ತಿರಕ್ಕೂ ತರಬೇಡಿ.

ಟ್ಯಾಂಕ್ ಸಿದ್ಧವಾಯಿತೇ ಎಂಬುದನ್ನು ತಿಳಿಯುವಲ್ಲಿ ಹೆಚ್ಚಿನವರು ತಡವರಿಸುತ್ತಾರೆ. ಗಿಡವಿಲ್ಲದ ಟ್ಯಾಂಕಿನಲ್ಲಿ ಅಮೋನಿಯಾ ಏರಿ ಇಳಿದು, ನೈಟ್ರೈಟ್ ಏರಿ ಇಳಿದು, ಕೊನೆಗೆ ನೈಟ್ರೇಟ್ ಉಳಿಯುತ್ತದೆ. ಗಿಡ ತುಂಬಿದ ಟ್ಯಾಂಕಿನಲ್ಲಿ ನೈಟ್ರೈಟ್ ಕಾಣಿಸಿಕೊಳ್ಳದೆಯೇ ಇರಬಹುದು, ನೈಟ್ರೇಟೂ ಸೊನ್ನೆಯೇ ಇರಬಹುದು, ಏಕೆಂದರೆ ಅಲ್ಲಿಯವರೆಗೆ ಉಳಿಯಲು ಗಿಡ ಏನನ್ನೂ ಬಿಟ್ಟಿರುವುದಿಲ್ಲ. ಸೊನ್ನೆ ಕಂಡು ಸೈಕಲ್ (ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಮಾಡುವ ಚಕ್ರ) ಶುರುವೇ ಆಗಿಲ್ಲ ಎಂದು ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಗಿಡ ಬಾಡುತ್ತಿರುವಾಗಲೂ ಕ್ಯಾಲೆಂಡರ್ ನೋಡಿ ಮೀನು ಬಿಡುವವರೂ ಇದ್ದಾರೆ.

ಹಾಗಾಗಿ ಎರಡು ಪರೀಕ್ಷೆ. ಒಂದು, ಹೈಗ್ರೋಫಿಲಾ ಅಥವಾ ಅಂಬುಲಿಯಾ ನೀರಿನ ಮೇಲ್ಮೈ ಮುಟ್ಟಿ ಒಂದು ಸಲ ಕತ್ತರಿಸುವಷ್ಟು ಬೆಳೆದಿರಬೇಕು. ಎರಡು, ಶುದ್ಧ ಅಮೋನಿಯಂ ಕ್ಲೋರೈಡ್ 3 ಗ್ರಾಂ ಅನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿದರೆ ಅದರ ಪ್ರತಿ ಮಿ.ಲೀ.ನಲ್ಲಿ ಸುಮಾರು ಒಂದು ಮಿ.ಗ್ರಾಂ ಅಮೋನಿಯಂ ಇರುತ್ತದೆ. ದೀಪ ಹತ್ತುವ ಹೊತ್ತಿಗೆ ಅದನ್ನು 30 ಮಿ.ಲೀ. ಹಾಕಿದರೆ ಟ್ಯಾಂಕಿನ ನೀರು 1 ಪಿಪಿಎಂ ಆಗುತ್ತದೆ. ಮರುದಿನ ಅದೇ ಹೊತ್ತಿಗೆ ಅಮೋನಿಯಾವೂ ನೈಟ್ರೈಟೂ ಸೊನ್ನೆ ಇದ್ದರೆ ಟ್ಯಾಂಕ್ ಸಿದ್ಧ. ಬೆಸುಗೆಗೆ ಬಳಸುವ ನವಸಾಗರ ಇದೇ ಪದಾರ್ಥವಾದರೂ ಕಲಬೆರಕೆ ಇರಬಹುದು, ರಾಸಾಯನಿಕ ಮಾರುವ ಅಂಗಡಿಯಲ್ಲೇ ಕೊಳ್ಳಿ. ಈ ಟ್ಯಾಂಕ್ ಐದನೇ ವಾರದಲ್ಲಿ ತೇರ್ಗಡೆಯಾಯಿತು. ಚಳಿಗಾಲವಾದರೆ ಇನ್ನೂ ಎರಡು ವಾರ ಹಿಡಿಯುತ್ತದೆ.

ಪಿಎಚ್ ಅನ್ನೂ ನೋಡಿಕೊಳ್ಳಿ. ಕಿಟ್ ತೋರಿಸುವುದು ಅಮೋನಿಯಾ, ಅಮೋನಿಯಂ ಎರಡರ ಮೊತ್ತವನ್ನು. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಅದರಲ್ಲಿ ವಿಷಕಾರಿ ಅಮೋನಿಯಾ ಶೇ. 1ಕ್ಕಿಂತ ಕಡಿಮೆ, ಪಿಎಚ್ 8 ಆದರೆ ಶೇ. 5ರಷ್ಟು. ಕಾವೇರಿ ನೀರಿನಲ್ಲಾಗಲಿ ಬೋರ್‌ವೆಲ್ ನೀರಿನಲ್ಲಾಗಲಿ ಪಿಎಚ್ 8ರ ಸಮೀಪವಿದ್ದರೆ 0.25 ಎಂದು ಕಂಡದ್ದನ್ನೂ ಹಗುರವಾಗಿ ಎಣಿಸಬಾರದು.

ಮೊದಲು ನಾಲ್ಕು ಗಂಡು ಗಪ್ಪಿ, ಇಲ್ಲವೇ ಒಂದೇ ಒಂದು ಫೈಟರ್. ಎರಡು ವಾರ ದಿನಕ್ಕೊಮ್ಮೆ, ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ಎರಡು ದಿನಕ್ಕೊಮ್ಮೆ ಅಮೋನಿಯಾ ಪರೀಕ್ಷೆ. ಸೊನ್ನೆಯಲ್ಲೇ ನಿಂತರೆ ಇನ್ನು ಮೂರು ಗಪ್ಪಿ. ಚೆರ್ರಿ ಸಿಗಡಿ ಬೇಕೆನ್ನುವವರು ಫೈಟರ್ ತರದೆ, ಟ್ಯಾಂಕಿಗೆ ಎರಡು ತಿಂಗಳು ತುಂಬಲಿ ಎಂದು ಕಾಯಬೇಕು. ಅವು ಮೇಯುವ ಲೋಳೆಪದರ ಎಲೆ, ಕಲ್ಲುಗಳ ಮೇಲೆ ಕೂರಲು ಅಷ್ಟು ಹೊತ್ತು ಬೇಕು. ಗೋಲ್ಡ್‌ಫಿಶ್ ಗಿಡವನ್ನೇ ಮೇಯುತ್ತದೆ, ಈ ಅಳತೆಯ ಟ್ಯಾಂಕ್ ಅದಕ್ಕೆ ಸಾಲುವುದೂ ಇಲ್ಲ.

ಮೀನು ಬಿಟ್ಟ ವಾರವೇ ಗಿಡ ಕತ್ತರಿಸಿ ಅಂದಗೊಳಿಸುವುದು ಅನೇಕ ಟ್ಯಾಂಕುಗಳನ್ನು ಕೆಡಿಸಿದೆ. ಕತ್ತರಿಸಿದ ಗಿಡದ ಬೆಳವಣಿಗೆ ಕೆಲವು ದಿನ ನಿಲ್ಲುತ್ತದೆ, ಆ ದಿನಗಳಲ್ಲಿ ಹೀರುವವರೇ ಇರುವುದಿಲ್ಲ. ಒಂದು ಸಲಕ್ಕೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬೇಡಿ. ಬೇರೂರಿದ ಕ್ರಿಪ್ಟನ್ನು ಬೇರೆ ಕಡೆ ನೆಡಬೇಕೆನಿಸಿದರೆ ಎಳೆದು ಕೀಳದೆ, ಸುತ್ತಲಿನ ಬೇರನ್ನು ಮರಳಿನೊಳಗೇ ಕತ್ತರಿಸಿ ಮೆಲ್ಲನೆ ಎತ್ತಿ, ಇಲ್ಲವಾದರೆ ಮಣ್ಣು ಎದ್ದು ಅಮೋನಿಯಾ ಬಿಡುಗಡೆಯಾಗುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವಾಗ ಸ್ಪಂಜನ್ನು ಆ ತೆಗೆದ ನೀರಿನಲ್ಲೇ ಹಿಂಡಿ, ನಲ್ಲಿಯ ಕೆಳಗೆ ಹಿಡಿಯಬೇಡಿ.

ಕತ್ತರಿಸಿದ ಕಾಂಡಗಳನ್ನು ಮತ್ತೆ ನೆಡಬಹುದು, ಹೊಸದಾಗಿ ಟ್ಯಾಂಕ್ ಕಟ್ಟುವವರಿಗೆ ಕೊಡಬಹುದು. ಮಿಕ್ಕದ್ದು, ಮುಖ್ಯವಾಗಿ ಸಾಲ್ವೀನಿಯಾ, ಕೆರೆಗೋ ರಾಜಕಾಲುವೆಗೋ ಹೋಗಬಾರದು. ಅದರ ಹತ್ತಿರದ ಜಾತಿ ಸಾಲ್ವೀನಿಯಾ ಮೊಲೆಸ್ಟಾ ಕೇರಳದ ಹಿನ್ನೀರುಗಳನ್ನು ಹೊದ್ದು ಕೂತಿದೆ. ಬಿಸಿಲಿಗೆ ಹರವಿ ಪೂರ್ತಿ ಒಣಗಿಸಿ ಕಾಂಪೋಸ್ಟಿಗೆ ಹಾಕಿ. ಹಾಗೆಯೇ ಪಶ್ಚಿಮಘಟ್ಟದ ಹೊಳೆಗಳಲ್ಲಿ ಕಲ್ಲಿನ ನಡುವೆ ಬೆಳೆಯುವ ಕ್ರಿಪ್ಟೊಕೊರಿನ್ ಕಂಡರೆ ಕಿತ್ತು ತರಬೇಡಿ. ನರ್ಸರಿಯಲ್ಲಿ ಬೆಳೆಸಿದ ಕ್ರಿಪ್ಟ್ ಬೇಕಾದಷ್ಟು ಸಿಗುತ್ತದೆ.